ಖಾಲಿಯಾಗದ ಡಬ್ಬಿ

ನಾನು ಹೊಡೆದದ್ದು ಐದೇ ಗುಂಡು. ಗುರಿಯ ಕಾರ್ಡಿನಲ್ಲಿ ಆರು ತೂತುಗಳಿದ್ದವು.

ಆರನೆಯದು ನಟ್ಟನಡುವೆ ಕೂತಿತ್ತು. ಉಳಿದ ಐದೂ ಅದರ ಸುತ್ತ, ಸ್ಕೂಲ್ ಬಿಟ್ಟ ಮಕ್ಕಳ ಹಾಗೆ ಮನಬಂದ ಕಡೆ ಚೆದುರಿಕೊಂಡಿದ್ದವು. ಮಕ್ಕಳು ಹೇಗೆ ಚೆದುರುತ್ತಾರೆಂದು ನನಗೆ ಚೆನ್ನಾಗಿ ಗೊತ್ತು, ನಾನು ಸ್ಕೂಲ್ ವ್ಯಾನ್ ಓಡಿಸುವವಳು. ವಾರವಿಡೀ ಬೆನ್ನ ಹಿಂದೆ ಅವರ ಕೂಗಾಟ, ಅಳು, ಕಿಟಕಿ ಸೀಟಿನ ಜಗಳ. ಭಾನುವಾರ ಬೆಳಿಗ್ಗೆ ಶೂಟಿಂಗ್ ಕ್ಲಬ್ಬಿಗೆ ಬಂದು, ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು, ಚಾಪೆಯ ಮೇಲೆ ಬೋರಲು ಮಲಗಿದರೆ ಸಾಕು. ಗುಂಡು ಸಿಡಿಯುವ ಜಾಗದಲ್ಲೇ ನನಗೆ ನೆಮ್ಮದಿ ಸಿಗುತ್ತಿತ್ತು.

"ಅದು ನನ್ನದು" ಎಂದಿತು ಪಕ್ಕದ ದನಿ.

ತಿರುಗಿ ನೋಡಿದೆ. ಪಕ್ಕದ ಚಾಪೆಯವನು ತನ್ನ ಕಾರ್ಡನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಅದರಲ್ಲಿ ಒಂದು ತೂತು ಕಮ್ಮಿ.

"ಯಾವುದು ನಿಮ್ಮದು?"

"ಮಧ್ಯದ್ದು."

"ಅದು ಹೇಗೆ ಹೇಳ್ತೀರ? ನಂದೇ ಇರಬಹುದಲ್ಲ."

ಅವನು ನನ್ನ ಉಳಿದ ಐದು ತೂತುಗಳನ್ನು ಒಂದು ಸಲ ನೋಡಿದ. ಆಮೇಲೆ ನನ್ನನ್ನು ನೋಡಿದ. ನಗು ತುಟಿಯ ತನಕ ಬಂದದ್ದನ್ನು ಪಾಪ, ಹೇಗೋ ನುಂಗಿಕೊಂಡ. "ಇರಬಹುದು" ಎಂದ.

ಆ "ಇರಬಹುದು" ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಬಾವುಟದಜ್ಜ ಬಂದ. ಕ್ಲಬ್ಬಿನ ಕೌಂಟರ್, ಬೀಗದ ಕೈ, ತೋಟಾ ಮಾರಾಟ, ಎಲ್ಲಾ ಅಜ್ಜನದೇ. ಅವನು ಕೆಂಪು ಬಾವುಟ ಎತ್ತಿದರೆ ಯಾರೂ ರೈಫಲ್ ಮುಟ್ಟುವಂತಿಲ್ಲ. ಆಗಲೇ ಎಲ್ಲರೂ ಮುಂದೆ ಹೋಗಿ ಕಾರ್ಡು ನೋಡಿಕೊಂಡು ಬರುವುದು.

"ನಿಯಮ ಇದೆ" ಎಂದ ಅಜ್ಜ. "ಯಾವ ತೂತು ಯಾರದು ಅಂತ ಗೊತ್ತಾಗದೆ ಹೋದ್ರೆ, ಇರೋದ್ರಲ್ಲಿ ಒಳ್ಳೇದು ಕಾರ್ಡಿನವರಿಗೆ. ತಪ್ಪಿ ಹೊಡೆದೋನಿಗೆ ಏನೂ ಇಲ್ಲ."

"ತೋಟಾ ಬೆಲೆ ಮೊನ್ನೆ ತಾನೇ ಏರಿದೆ ಅಜ್ಜ" ಎಂದ ಅವನು, ಸೋತ ದನಿಯಲ್ಲಿ.

"ಅದಕ್ಕೇ ಕಣ್ಣು ಬಿಟ್ಕೊಂಡು ಹೊಡಿ. ಕನ್ನಡಕದ ಅಂಗಡಿ ಬೇರೆ ಇಟ್ಟಿದೀಯ."

ನನ್ನ ಸಿಟ್ಟು ಅಲ್ಲೇ ಇಳಿಯಿತು. "ಕನ್ನಡಕದ ಅಂಗಡಿನಾ? ಊರಿನವರ ಕಣ್ಣು ಪರೀಕ್ಷೆ ಮಾಡೋರು ನೀವು, ಪಕ್ಕದವರ ಕಾರ್ಡಿಗೆ ಹೊಡೀತೀರಾ?"

ಅವನ ಕಿವಿಯ ತುದಿ ಮೊದಲು ಕೆಂಪಾಯಿತು, ಆಮೇಲೆ ಕತ್ತು. ಮುಖ ಮಾತ್ರ ಏನೂ ಆಗಿಲ್ಲವೆಂಬಂತೆ ಗಂಭೀರವಾಗಿತ್ತು. ಮುಂದಿನ ಭಾನುವಾರ ನಾನು ಬೇಗ ಎದ್ದು ಬಂದದ್ದು ಆ ಕಿವಿಯನ್ನು ಇನ್ನೊಂದು ಸಲ ಕೆಂಪು ಮಾಡೋಣ ಎಂಬ ಆಸೆಯಿಂದ. ಅಷ್ಟೇ ಎಂದು ಆಗ ಅಂದುಕೊಂಡಿದ್ದೆ.

*

ಬೆಲೆ ಏರುತ್ತಲೇ ಹೋಯಿತು. ಯಾಕೆ ಎಂದು ಕೇಳಿದರೆ ಅಜ್ಜ ಒಂದೊಂದು ವಾರ ಒಂದೊಂದು ಕಾರಣ ಕೊಡುತ್ತಿದ್ದ. ಸೀಸ ಸಿಗುತ್ತಿಲ್ಲ, ಹಿತ್ತಾಳೆ ತುಟ್ಟಿ, ಹಡಗು ಬಂದಿಲ್ಲ, ಎಲ್ಲೋ ಯುದ್ಧ. ಕಾಣದ ಊರಿನಲ್ಲಿ ಯಾರೋ ಜಗಳವಾಡಿಕೊಂಡರೆ ನನ್ನ ಭಾನುವಾರಕ್ಕೆ ಏಟು ಬೀಳುತ್ತಿತ್ತು. ಬೈಯೋಣವೆಂದರೆ ಬೈಯಬೇಕಾದವರು ಯಾರೆಂದೇ ಗೊತ್ತಿಲ್ಲ.

ಕ್ಲಬ್ಬಿನವರು ತಮಗೆ ತೋಚಿದ ದಾರಿ ಹಿಡಿದರು. ಅಕ್ಕಿ ಎರಚುವ ಹಾಗೆ ಗುಂಡು ಎರಚುತ್ತಿದ್ದ ಡಾಕ್ಟರು ಏರ್ ರೈಫಲ್ಲಿಗೆ ಇಳಿದರು. ಅಣ್ಣತಮ್ಮ ಇಬ್ಬರು ಯಾವುದೋ ಅಗ್ಗದ ಮಾಲು ತರಿಸಿದರು. ಅದು ಸಿಡಿಯುವುದಕ್ಕಿಂತ ಸಿಡಿಯದೆ ಕೂರುವುದೇ ಹೆಚ್ಚಾಗಿ, ಅವರ ಬೆಳಗೆಲ್ಲ ಒಬ್ಬರನ್ನೊಬ್ಬರು ದೂರುವುದರಲ್ಲೇ ಕಳೆಯುತ್ತಿತ್ತು. ಬ್ಯಾಂಕಿನವರು ಬರುವುದನ್ನೇ ಬಿಟ್ಟರು.

ಮನೆಯಲ್ಲಿ ಅಮ್ಮ ಸುಮ್ಮನಿರುವ ಪೈಕಿ ಅಲ್ಲ.

"ಕಾಗದಕ್ಕೆ ತೂತು ಹಾಕೋಕೆ ಇಷ್ಟು ದುಡ್ಡಾ? ಸೂಜಿ ಕೊಡ್ತೀನಿ, ಇಲ್ಲೇ ಕೂತ್ಕೊಂಡು ಚುಚ್ಚು."

"ಅದು ಆಟ ಅಮ್ಮ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ವ್ಯಾನಿನ ಟೈರ್ ಬೋಳಾಗಿದೆ, ಅದನ್ನ ನೋಡು ಮೊದಲು."

ಟೈರು ಬೋಳಾಗಿದ್ದದ್ದು ನಿಜ. ಆದರೂ ಭಾನುವಾರ ಮಾತ್ರ ಕಾಲು ತಾನಾಗಿ ಕ್ಲಬ್ಬಿನ ಕಡೆ ನಡೆಯುತ್ತಿತ್ತು.

ಆ ಹೊತ್ತಿಗೇ ಕ್ಲಬ್ಬಿನ ಕಮಿಟಿ ಇನ್ನೊಂದು ಕೊಕ್ಕೆ ಹಾಕಿತು. ಬಿಡಿ ತೋಟಾ ಮಾರುವಂತಿಲ್ಲ, ಕೊಂಡರೆ ಪೂರ್ತಿ ಡಬ್ಬಿ ಕೊಳ್ಳಬೇಕು. ಕೌಂಟರಿನ ಮುಂದೆ ನಾನು ಪರ್ಸು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದೆ. ಪಕ್ಕದಲ್ಲಿ ಅವನೂ ಅದನ್ನೇ ಮಾಡುತ್ತಿದ್ದ.

"ಇಬ್ಬರೂ ಸೇರಿ ಒಂದು ತಗೊಂಡ್ರೆ ಹೇಗೆ?" ಎಂದ. ಕೇಳಿದ್ದು ನನ್ನನ್ನು, ನೋಡಿದ್ದು ಡಬ್ಬಿಯನ್ನು.

"ನಿಮ್ಮ ಪಾಲನ್ನೂ ನನ್ನ ಕಾರ್ಡಿಗೇ ಹೊಡೆದ್ರೆ?"

"ಒಳ್ಳೇದು ಕಾರ್ಡಿನವರಿಗೆ ತಾನೆ. ನಿಮಗೇ ಲಾಭ."

ಕಿವಿ ಕೆಂಪಾಗಿತ್ತು. ನಾನು ಒಪ್ಪಿಕೊಂಡೆ.

ಹಾಗೆ ಒಂದು ಡಬ್ಬಿ, ಒಂದು ಲೇನು, ಒಂದು ಬಾಡಿಗೆ ರೈಫಲ್ ಆಯಿತು. ಎದುರಿಗೆ ಮಾತ್ರ ಇಬ್ಬರ ಕಾರ್ಡೂ ಅಕ್ಕಪಕ್ಕ. ಮುಗಿಯದ ತೋಟಾವನ್ನು ಮನೆಗೆ ಒಯ್ಯುವಂತಿರಲಿಲ್ಲ. ಡಬ್ಬಿ ಅಜ್ಜನ ಬೀರುವಿನಲ್ಲೇ ಬೀಗದೊಳಗೆ ಇರುತ್ತಿತ್ತು. ಇನ್ನೊಂದು ಕಟ್ಟುನಿಟ್ಟು: ಡಬ್ಬಿಯಲ್ಲಿ ತೋಟಾ ಇರುವ ತನಕ ಲೇನು ನಿಮ್ಮದು. ಮುಗಿಯಿತೋ, ಚಾಪೆ ಸುತ್ತಿ ಎದ್ದುಬಿಡಬೇಕು. ಅಲ್ಲಿ ಸುಮ್ಮನೆ ಕೂತು ಹರಟುವುದಕ್ಕೆ ಅಜ್ಜ ಬಿಡುತ್ತಿರಲಿಲ್ಲ.

ತೋಟಾ ಉಳಿಸುವ ಉಪಾಯ ಹೇಳಿಕೊಟ್ಟವನೂ ಅಜ್ಜನೇ. "ಒಬ್ಬರು ತುಂಬಿ, ಒಬ್ಬರು ಹೊಡೀರಿ. ಒಂದೊಂದ್ಸಲ ನಿಜವಾದ ತೋಟಾ, ಮಿಕ್ಕಿದ್ದೆಲ್ಲ ಹೊಡೆದು ಬಿದ್ದ ಖಾಲಿ ಚಿಪ್ಪು. ಯಾವುದು ಹಾಕಿದೆ ಅಂತ ತುಂಬಿದೋರು ಬಾಯಿ ಬಿಡಬಾರದು. ಸದ್ದಿಗೆ ಹೆದರೋ ಕೈ ಸದ್ದಿಲ್ಲದಾಗ್ಲೂ ನಡುಗಿ, ಖಾಲಿ ಚಿಪ್ಪಿನಲ್ಲಿ ಸಿಕ್ಕಿಬೀಳುತ್ತೆ."

ಸಿಕ್ಕಿಬಿದ್ದದ್ದು ನನ್ನ ಕೈ. ಅವನು ಪಕ್ಕದಲ್ಲಿ ಕೂತು ತುಂಬಿಕೊಡುತ್ತಿದ್ದ. ನಾನು ಕೆನ್ನೆಯನ್ನು ರೈಫಲ್ಲಿಗೆ ಒತ್ತಿ, ಉಸಿರು ತಡೆದು, ಮೆಲ್ಲಗೆ ಟ್ರಿಗರ್ ಎಳೆಯುತ್ತಿದ್ದೆ. ಟಿಕ್. ಖಾಲಿ.

"ನಡುಗ್ತು" ಎನ್ನುತ್ತಿದ್ದ, ನಳಿಕೆಯ ತುದಿಯನ್ನೇ ನೋಡುತ್ತ.

"ಇಲ್ಲ."

"ಕಣ್ಣಾರೆ ನೋಡಿದೆ ರೀ. ಇಷ್ಟೇ ಇಷ್ಟು." ಬೆರಳ ತುದಿಗಳ ನಡುವೆ ಒಂದು ಕೂದಲೆಳೆಯಷ್ಟು ಜಾಗ ಬಿಟ್ಟು ತೋರಿಸುತ್ತಿದ್ದ. ಆ ಬೆರಳುಗಳು ಕನ್ನಡಕದ ಸಣ್ಣ ಸ್ಕ್ರೂ ತಿರುಗಿಸಿ ತಿರುಗಿಸಿ ತುದಿಯಲ್ಲಿ ನುಣ್ಣಗಾಗಿದ್ದವು. ಅಷ್ಟು ಹತ್ತಿರ ಕೂತರೆ ನಡುಗದೆ ಇನ್ನೇನು ಮಾಡುತ್ತದೆ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ನಡುವೆ ಮಾತು ಹುಟ್ಟಿಕೊಂಡಿತು. ಬೆಲೆ ಏರಿದಷ್ಟೂ ಗುಂಡು ಕಮ್ಮಿ, ಗುಂಡು ಕಮ್ಮಿಯಾದಷ್ಟೂ ಮಾತು ಜಾಸ್ತಿ. ಇಬ್ಬರೂ ಮುಂದೆ ನೋಡಿಕೊಂಡೇ ಮಾತಾಡುತ್ತಿದ್ದೆವು, ಕಣ್ಣು ಕಾರ್ಡಿನ ಮೇಲೆ. ನನ್ನ ವ್ಯಾನಿನಲ್ಲಿ ದಿನಾ ಒಂದೇ ಸುಳ್ಳು ಹೇಳುವ ಹುಡುಗಿಯ ಕಥೆ ಹೇಳಿದೆ. ಅಕ್ಷರ ಕಾಣದಿದ್ದರೂ ಬೋರ್ಡನ್ನು ಬಾಯಿಪಾಠ ಮಾಡಿಕೊಂಡು ಬರುವ ಗಿರಾಕಿಯ ಕಥೆ ಅವನು ಹೇಳಿದ. ಮನೆಯಲ್ಲಿ ತಾನೊಬ್ಬನೇ ಇರುವುದು, ಅಕ್ಕ ಮದುವೆಯಾಗಿ ಹೋದ ಮೇಲೆ ರೇಡಿಯೋ ಹಾಕಿಕೊಂಡೇ ಊಟ ಮಾಡುವುದು, ಇದನ್ನೂ ಹೇಳಿದ. ಆವತ್ತು ನಾನು ನಿಜವಾದ ತೋಟಾ ತುಂಬಬೇಕಾದಲ್ಲಿ ಖಾಲಿ ಚಿಪ್ಪನ್ನೇ ತುಂಬುತ್ತ ಹೋದೆ. ಡಬ್ಬಿ ಬೇಗ ಮುಗಿಯುವುದು ನನಗೆ ಬೇಕಿರಲಿಲ್ಲ.

ಇಬ್ಬರೂ ಹೊರಗೆ ಎಲ್ಲಾದರೂ ಭೇಟಿಯಾಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದನ್ನೂ ಮಾಡಿ ನೋಡಿದೆ.

*

ಅಮ್ಮನಿಗೆ ಕನ್ನಡಕ ಬದಲಿಸಬೇಕಿತ್ತು. ಬೇಕಿತ್ತೋ ಇಲ್ಲವೋ, ಬೇಕು ಎಂದು ನಾನೇ ಒಪ್ಪಿಸಿ ಅವನ ಅಂಗಡಿಗೆ ಕರೆದುಕೊಂಡು ಹೋದೆ.

ಅವನು ಬಿಳಿ ಕೋಟು ಹಾಕಿಕೊಂಡಿದ್ದ. ನನ್ನನ್ನು ಕಂಡವನೇ ಇಂಗು ತಿಂದ ಮಂಗನ ಹಾಗೆ ನಿಂತ. ನಾನೂ ಏನು ಕಮ್ಮಿ ಇರಲಿಲ್ಲ. ಭಾನುವಾರಗಳಲ್ಲಿ ಪಟಪಟ ಮಾತಾಡುವವಳಿಗೆ ಎದುರಾ ಎದುರು ನಿಂತ ಮೇಲೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕಣ್ಣು ಎಲ್ಲಿಡಬೇಕು ಎಂಬುದೇ ತಿಳಿಯಲಿಲ್ಲ. ಇಡಲಿಕ್ಕೆ ಅಲ್ಲಿ ಕಾರ್ಡಿರಲಿಲ್ಲ, ಅವನ ಮುಖ ಮಾತ್ರ ಇತ್ತು.

"ಚೆನ್ನಾಗಿದೀರಾ?" ಎಂದ.

"ಹೂಂ. ನೀವು?"

"ಹೂಂ."

ಅಷ್ಟೇ. ಆಮೇಲೆ ಅಮ್ಮನ ಕಣ್ಣ ಮುಂದೆ ಒಂದೊಂದೇ ಗಾಜು ಹಾಕುತ್ತ "ಇದು ಸ್ಪಷ್ಟನಾ, ಇದಾ?" ಎಂದು ಕೇಳುತ್ತ ಹೋದ. ಒಂದೇ ಗಾಜನ್ನು ಎರಡು ಸಲ ಹಾಕಿ ಯಾವುದು ವಾಸಿ ಎಂದು ಕೇಳಿದ. ಬಿಲ್ ಕೊಡುವಾಗ ಪೆನ್ನು ಬೀಳಿಸಿದ. ನಾನು ಎತ್ತಿಕೊಡಲು ಬಗ್ಗಿದೆ, ಅವನೂ ಬಗ್ಗಿದ, ಇಬ್ಬರೂ "ಸಾರಿ" ಎಂದು ಪೆನ್ನನ್ನು ಅಲ್ಲೇ ಬಿಟ್ಟು ಎದ್ದೆವು.

ದಾರಿಯಲ್ಲಿ ಅಮ್ಮ ಬಿಲ್ಲನ್ನು ಮಡಚಿ ಪರ್ಸಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದಳು.

"ಇವನೇನಾ ನಿನ್ನ ಡಬ್ಬಿ ಪಾಲುದಾರ?"

"ಹೂಂ."

"ಕಣ್ಣು ಪರೀಕ್ಷೆ ನಂದೋ ನಿಂದೋ ಗೊತ್ತಾಗಲಿಲ್ಲ" ಎಂದಳು ಅಮ್ಮ. ಮತ್ತೆ ಸೂಜಿಯ ಮಾತು ಎತ್ತಲಿಲ್ಲ.

ನನಗೆ ಮಾತ್ರ ಅಳು ಬರುವಂತಾಗಿತ್ತು. ನಾವು ಆ ಚಾಪೆಯ ಮೇಲಷ್ಟೇ ಮನುಷ್ಯರು ಎಂದು ತೀರ್ಮಾನಿಸಿಬಿಟ್ಟೆ. ಡಬ್ಬಿ ಮುಗಿದರೆ ನಾವೂ ಮುಗಿದೆವು. ಅವನು ಬರುವುದು ಶೂಟಿಂಗಿಗೆ. ನಾನು ಬರುವುದು ಯಾಕೆ ಎಂದು ಗೊತ್ತಾದರೆ ಅವನು ಮುಜುಗರಪಟ್ಟು ಲೇನು ಬದಲಿಸಿಯಾನು. ಹೇಳಲೂ ಆಗದು, ಬಿಡಲೂ ಆಗದು.

ಹಾಗಾಗಿ ಮೂರ್ಖರು ಮಾಡುವ ಕೆಲಸವನ್ನೇ ಮಾಡಿದೆ. ಒಂದು ಗುರುವಾರ ಮಧ್ಯಾಹ್ನ, ಮಕ್ಕಳನ್ನು ವಾಪಸು ಕರೆತರುವ ಹೊತ್ತಿಗೆ ಮುಂಚೆ, ವ್ಯಾನನ್ನು ಕ್ಲಬ್ಬಿನ ಗೇಟಿಗೆ ತಂದು ನಿಲ್ಲಿಸಿದೆ. ಒಂದು ಹೊಸ ಡಬ್ಬಿಗೆ ದುಡ್ಡು ಕೊಟ್ಟು, "ಇದರಿಂದ ಸ್ವಲ್ಪ ಸ್ವಲ್ಪ ತೆಗೆದು ನಮ್ಮ ಡಬ್ಬಿಗೆ ಸೇರಿಸ್ತಾ ಇರಿ ಅಜ್ಜ. ಅವರಿಗೆ ಹೇಳಬೇಡಿ" ಎಂದೆ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೇಳಲ್ಲ ಬಿಡಮ್ಮ" ಎಂದ.

ಟೈರಿನ ದುಡ್ಡು ಅಲ್ಲಿಗೆ ಹೋಯಿತು. ಆಮೇಲೆ ಸಂಜೆ ಟ್ಯೂಷನ್ ಮಕ್ಕಳ ಟ್ರಿಪ್ಪೂ ಒಪ್ಪಿಕೊಂಡೆ, ಆ ದುಡ್ಡೂ ಅಲ್ಲಿಗೇ. ಡಬ್ಬಿ ಖಾಲಿಯಾಗಲಿಲ್ಲ. ನಾನು ಹಾಕಿಸಿದ್ದಕ್ಕಿಂತ ಹೆಚ್ಚೇ ಇರುವಂತೆ ಕೆಲವು ಸಲ ಅನ್ನಿಸಿತು. ಆದರೆ ನನ್ನ ಲೆಕ್ಕ ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೇ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸುವುದು ಯಾಕೆಂದು ಸುಮ್ಮನಾದೆ.

"ಈ ಡಬ್ಬಿಯವರು ಒಳ್ಳೆ ಜನ ಕಣ್ರೀ, ಜಾಸ್ತೀನೇ ಹಾಕಿರ್ತಾರೆ" ಎಂದೆ ಒಂದು ಭಾನುವಾರ, ಮುಖದಲ್ಲಿ ಏನೂ ತೋರಿಸದೆ.

"ಹೌದು, ಒಳ್ಳೆ ಕಂಪನಿ" ಎಂದ ಅವನೂ, ಮುಖದಲ್ಲಿ ಏನೂ ತೋರಿಸದೆ.

ಕಿವಿ ಮಾತ್ರ ಕೆಂಪಾಗಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡೆ.

*

ಮತ್ತೊಂದು ಗುರುವಾರ ಅಜ್ಜ ನನ್ನ ದುಡ್ಡನ್ನು ಹಿಂದಕ್ಕೆ ತಳ್ಳಿದ.

"ಮುಗೀತಮ್ಮ. ಮತ್ತೆ ಏರಿದೆ. ಕಮಿಟಿಯೋರು ಇನ್ನು ಮೇಲೆ ತರಿಸಲ್ಲ ಅಂದ್ರು. ಬೀರುವಿನಲ್ಲಿರೋ ನಿಮ್ಮ ಡಬ್ಬಿಯಲ್ಲಿ ಇರೋದೇ ಕೊನೆ. ಅದಾದ ಮೇಲೆ ಈ ಲೇನೂ ಮುಚ್ಚುತ್ತೆ."

"ಬೇರೆಯವರು?"

"ಬೇರೆಯವರು ಎಲ್ಲಿದಾರೆ? ಈ ವರ್ಷ ನನ್ನ ಹತ್ತಿರ ತೋಟಾ ತಗೊಂಡೋರು ಇಬ್ಬರೇ. ಗುರುವಾರ ನೀನು, ಮಂಗಳವಾರ ಅವನು."

"ಯಾರು?"

ಅಜ್ಜ ಬಾವುಟ ಮಡಚುವುದನ್ನು ನಿಲ್ಲಿಸಿದ. "ಇನ್ಯಾರು. ಅವನೂ ಇಲ್ಲೇ ನಿಂತ್ಕೊಂಡು, ನಮ್ಮ ಡಬ್ಬಿಗೆ ಸೇರಿಸಿ ಅಜ್ಜ, ಅವರಿಗೆ ಹೇಳಬೇಡಿ ಅಂತಿದ್ದ. ಇಬ್ಬರೂ ಹೇಳಬೇಡಿ ಅಂದ್ರೆ ನಾನು ಯಾರಿಗೆ ಹೇಳ್ಲಿ? ಈಗ ಮುಗೀತಲ್ಲ, ಅದಕ್ಕೆ ಹೇಳ್ತಾ ಇದೀನಿ. ಅವನಿಗೆ ನೀನೇ ಹೇಳ್ಕೋ."

ವ್ಯಾನಿಗೆ ಬಂದು ಸ್ಟೀರಿಂಗ್ ಹಿಡಿದು ಕೂತೆ. ಕೈ ನಡುಗುತ್ತಿತ್ತು, ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ. ಇಷ್ಟು ದಿನ ನಾನೊಬ್ಬಳೇ ದಡ್ಡಿ ಎಂದುಕೊಂಡಿದ್ದೆ. ಇನ್ನೊಬ್ಬ ದಡ್ಡನಿದ್ದಾನೆ ಎಂದು ಗೊತ್ತಾದ ದಿನವೇ ತೋಟಾ ಮುಗಿದಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಕ್ಕಳು ಹತ್ತಿದ ಮೇಲೆ ಯಾವುದೋ ಹುಡುಗಿ "ಆಂಟಿ, ನಮ್ಮನೆ ಹಿಂದೆ ಹೋಯ್ತು" ಎಂದು ಕೂಗಬೇಕಾಯಿತು.

*

ಕೊನೆಯ ಭಾನುವಾರ ಕ್ಲಬ್ಬಿನಲ್ಲಿ ನಾವಿಬ್ಬರೇ ಇದ್ದೆವು. ಅವನು ಶೇವ್ ಮಾಡಿರಲಿಲ್ಲ. ಡಬ್ಬಿಯನ್ನು ಅಲ್ಲಾಡಿಸಿ ನೋಡಿದ. ತಳದಲ್ಲಿ ಒಂದಷ್ಟು ತೋಟಾಗಳು ಟಣಟಣ ಎಂದವು.

"ಅಜ್ಜ ಹೇಳಿದ್ರಾ?" ಎಂದ.

"ಹೇಳಿದ್ರು."

"ಏನೂ ಮಾಡೋ ಹಾಗಿಲ್ಲ."

"ಇಲ್ಲ."

ಅವನು ಹೊಡೆದ, ನಾನು ಹೊಡೆದೆ. ಖಾಲಿ ಚಿಪ್ಪುಗಳನ್ನು ನಡುನಡುವೆ ಎಷ್ಟು ತುರುಕಿದರೂ ಬೆಳಗು ಸವೆಯುತ್ತಿತ್ತು. ಒಂದೊಂದು ಸದ್ದಿಗೂ ನನ್ನ ಎದೆಯಿಂದ ಏನೋ ಕಿತ್ತುಕೊಂಡು ಹೋದಂತೆ ಆಗುತ್ತಿತ್ತು. ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ ಇನ್ನೊಂದು ಚಿಪ್ಪು ತುಂಬಿಬಿಡುತ್ತಿದ್ದೆ.

ಡಬ್ಬಿಯಲ್ಲಿ ಒಂದೇ ಉಳಿಯಿತು. ಹೊಡೆಯುವ ಸರದಿ ನನ್ನದು, ತುಂಬುವ ಸರದಿ ಅವನದು. ತುಂಬಿಕೊಟ್ಟ. ನಾನು ಕೆನ್ನೆ ಒತ್ತಿ, ಉಸಿರು ತಡೆದು, ಟ್ರಿಗರ್ ಎಳೆದೆ.

ಟಿಕ್.

ಮತ್ತೆ ತುಂಬಿಕೊಟ್ಟ. ಟಿಕ್. ಮತ್ತೆ. ಟಿಕ್.

ರೈಫಲ್ ಕೆಳಗಿಟ್ಟು ನೋಡಿದೆ. ಅವನ ಎಡಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದು ಕಂಡು ಬಿಚ್ಚಿದ. ಕೊನೆಯ ತೋಟಾ ಅಂಗೈಯ ಬೆವರಿನಲ್ಲಿ ಕೂತಿತ್ತು.

"ಇದನ್ನ ಹೊಡೆದ್ರೆ ಚಾಪೆ ಸುತ್ತಬೇಕು" ಎಂದ, ಮುಂದೆ ನೋಡುತ್ತ.

"ಎಷ್ಟು ಹೊತ್ತು ಹಿಡ್ಕೊಂಡಿರ್ತೀರಿ?"

"ಗೊತ್ತಿಲ್ಲ. ಬೇರೆ ಏನು ಮಾಡ್ಬೇಕು ಅಂತ ಗೊತ್ತಾಗ್ತಾ ಇಲ್ಲ ನನಗೆ."

ನಾನೂ ಮುಂದೆ ನೋಡಿದೆ. ಕಾರ್ಡುಗಳು ಗಾಳಿಗೆ ಅಲ್ಲಾಡುತ್ತಿದ್ದವು. "ಮಂಗಳವಾರ ನೀವು ಬರ್ತಿದ್ರಿ. ಗುರುವಾರ ನಾನು ಬರ್ತಿದ್ದೆ" ಎಂದೆ.

ಅವನು ಸರಕ್ಕನೆ ನೆಟ್ಟಗೆ ಕೂತ. ಆಮೇಲೆ, "ನೀವೂನಾ?"

"ನಾನೂ."

"ಶೂಟಿಂಗ್ ಅಂದ್ರೆ ಅಷ್ಟು ಇಷ್ಟನಾ ನಿಮಗೆ?"

"ಗುರಿ ನೋಡಿ ಹೊಡೆದು ಎಷ್ಟೋ ಕಾಲ ಆಯ್ತು. ನಿಮಗೆ?"

"ನನಗೆ ಮೊದಲ ದಿನವೇ ತಪ್ಪಿ ಹೋಯ್ತಲ್ಲ" ಎಂದ. ದನಿ ಒಣಗಿತ್ತು. "ಆವತ್ತು ಹೊಡೆಯೋ ಮುಂಚೆ ಒಂದ್ಸಲ ಈ ಕಡೆ ನೋಡಿದೆ. ಕೂದಲು ಹಣೆ ಮೇಲೆ ಬಿದ್ದಿತ್ತು ನಿಮಗೆ, ಕೈ ಬಿಡೋ ಹಾಗಿರಲಿಲ್ಲ, ಉಫ್ ಉಫ್ ಅಂತ ಊದಿ ಸರಿಸ್ತಾ ಇದ್ರಿ. ಮತ್ತೆ ತಿರುಗೋ ಹೊತ್ತಿಗೆ ನನಗೆ ಅಂತ ಒಂದು ಕಾರ್ಡ್ ಇದೆ ಅನ್ನೋದೇ ಮರೆತು ಹೋಗಿತ್ತು. ನೀವು ಯಾವ ಕಡೆ ನೋಡ್ತಿದ್ರೋ ಆ ಕಡೆಗೇ ನನ್ನ ಕೈನೂ ಹೋಯ್ತು. ನಾನೇನು ಮಾಡ್ಲಿ."

ನನಗೆ ಅವನನ್ನು ನೋಡಬೇಕು ಅನ್ನಿಸಿತು. ನೋಡಿದರೆ ಮಾತು ನಿಂತುಹೋಗುತ್ತದೆ ಎಂಬ ಭಯವೂ ಆಯಿತು. ಅವನ ಅಂಗೈಯಿಂದ ತೋಟಾ ತೆಗೆದುಕೊಂಡೆ. ಬೆಚ್ಚಗಿತ್ತು. ನಾನೇ ತುಂಬಿದೆ. ಬೋರಲು ಮಲಗಿ ರೈಫಲ್ಲನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದೆ, ಅವನ ಕಾರ್ಡಿನ ಕಡೆಗೆ.

"ಅದು ನನ್ನದು" ಎಂದ ಅವನು, ಮೆಲ್ಲಗೆ.

"ಗೊತ್ತು" ಎಂದು ಹೊಡೆದೆ.

ಅಜ್ಜ ಕೆಂಪು ಬಾವುಟ ಎತ್ತಿದ. ಇಬ್ಬರೂ ನಡೆದುಕೊಂಡು ಹೋಗಿ ನೋಡಿದೆವು. ಮಧ್ಯದಲ್ಲಂತೂ ಅಲ್ಲ. ಕಪ್ಪು ವೃತ್ತದ ಹೊರಗೆ, ಕಾಗದದ ಅಂಚಿನಲ್ಲಿ, ಬಿದ್ದೇ ಹೋಗುವಂತೆ ನನ್ನ ಗುಂಡಿನ ತೂತು ನೇತಾಡಿಕೊಂಡಿತ್ತು. ನಡುಗಿದ ಕೈಯ ಗುಂಡು ಇನ್ನೆಲ್ಲಿ ಬಿದ್ದೀತು.

"ಕೊನೇ ತೋಟಾನ ಹೀಗೆ ಹಾಳು ಮಾಡ್ತಾರಾ?" ಎಂದು ಗೊಣಗಿದ ಅಜ್ಜ.

"ಹಾಳಾಗಿಲ್ಲ ಅಜ್ಜ. ಒಳ್ಳೇದು ಕಾರ್ಡಿನವರಿಗೆ" ಎಂದು ಅವನು ಆ ಕಾರ್ಡನ್ನು ಬಿಚ್ಚಿ, ಮಡಚಿ, ಜೇಬಿಗಿಟ್ಟುಕೊಂಡ.

ಚಾಪೆ ಸುತ್ತಿದೆವು. ರೈಫಲ್ ವಾಪಸು ಕೊಟ್ಟೆವು. ಗೇಟಿನ ಹೊರಗೆ ಬಂದು ಎದುರಾ ಎದುರು ನಿಂತೆವು. ಆಗಬಾರದೆಂದುಕೊಂಡದ್ದೇ ಆಯಿತು, ಇಬ್ಬರಿಗೂ ಮಾತು ಹೊರಡಲಿಲ್ಲ. ಅವನು ತನ್ನ ಚಪ್ಪಲಿ ನೋಡಿದ. ನಾನು ವ್ಯಾನಿನ ಬೋಳು ಟೈರ್ ನೋಡಿದೆ. ಇಷ್ಟೆಲ್ಲ ಆದ ಮೇಲೂ ಹೀಗೇ ಮನೆಗೆ ಹೋಗಿಬಿಡುತ್ತೇವೆ ಎನ್ನಿಸಿತು.

ಆಗ ನನಗೆ ವ್ಯಾನ್ ಕಂಡಿತು. ಅಂದರೆ, ದಿನಾ ನೋಡುವ ವ್ಯಾನೇ, ಆದರೆ ಅದರ ಮುಂದಿನ ಎರಡು ಸೀಟು ಕಂಡವು. ಅಕ್ಕಪಕ್ಕ, ಎರಡೂ ಮುಂದಕ್ಕೆ ಮುಖ ಮಾಡಿದವು.

"ಹತ್ತಿ" ಎಂದೆ.

ಹತ್ತಿದ. ಮಕ್ಕಳಿಗೆ ಹೇಳಿ ಅಭ್ಯಾಸ, "ಬೆಲ್ಟ್ ಹಾಕ್ಕೊಳ್ಳಿ" ಎಂದೆ. ಹಾಕಿಕೊಂಡ. ಎದುರಿನ ಗಾಜಿನಾಚೆ ಖಾಲಿ ರಸ್ತೆ, ಒಂದು ಗೋಡೆ, ಗೋಡೆಯ ಮೇಲೆ ಬೆಕ್ಕು. ಇಬ್ಬರೂ ಆ ಬೆಕ್ಕನ್ನೇ ನೋಡತೊಡಗಿದೆವು. ಚಾಪೆಯ ಮೇಲಿಂದ ಕಾರ್ಡನ್ನು ನೋಡುತ್ತಿದ್ದ ಹಾಗೆಯೇ.

"ನಿಮ್ಮಮ್ಮ ಆವತ್ತು ನನ್ನ ಬಗ್ಗೆ ಏನಂದ್ರು?" ಎಂದು ಕೇಳಿದ.

"ಕಣ್ಣು ಪರೀಕ್ಷೆ ಯಾರದು ಅಂತ ಗೊತ್ತಾಗಲಿಲ್ಲ ಅಂದ್ರು."

"ಅಯ್ಯೋ."

"ರಾತ್ರಿ ಊಟಕ್ಕೆ ಕರ್ಕೊಂಡ್ ಬಾ ಅಂತಾನೂ ಬೆಳಿಗ್ಗೆ ಹೇಳಿ ಕಳಿಸಿದಾರೆ. ರೇಡಿಯೋ ಇಲ್ಲ ನಮ್ಮನೇಲಿ. ಅಮ್ಮ ಇದಾರೆ, ಅಷ್ಟೇ ಸದ್ದು ಮಾಡ್ತಾರೆ."

ಅವನು ನಕ್ಕ. ಈ ಸಲ ನುಂಗಿಕೊಳ್ಳಲಿಲ್ಲ. ಗೇರಿನ ಮೇಲಿದ್ದ ನನ್ನ ಕೈಯ ಪಕ್ಕ ಅವನ ಕೈ ಬಂದು ಕೂತಿತು. ಆ ಕಡೆ ಇಬ್ಬರೂ ನೋಡಲಿಲ್ಲ.

"ಊಟಕ್ಕೆ ಇನ್ನೂ ಬಹಳ ಹೊತ್ತಿದೆ. ಅಲ್ಲೀತನಕ ಎಲ್ಲಿಗೆ ಹೋಗೋಣ?" ಎಂದೆ.

"ಎಲ್ಲಿಗಾದ್ರೂ" ಎಂದ. ಸ್ವಲ್ಪ ತಡೆದು, "ಆದ್ರೆ ಡೀಸೆಲ್ಲೂ ಏರಿದೆಯಂತೆ."

"ಗೊತ್ತು. ಅದಕ್ಕೇ ಗಾಡಿ ಶುರು ಮಾಡಿಲ್ಲ" ಎಂದೆ.

ಅಜ್ಜ ಗೇಟಿಗೆ ಬೀಗ ಹಾಕಿಕೊಂಡು ನಮ್ಮ ಮುಂದೆಯೇ ನಡೆದು ಹೋದ. ನಾವು ಅಲ್ಲೇ ಕೂತಿದ್ದೆವು.